ಒಂಬತ್ತೂವರೆ ಎಲಿಮೆಂಟು

ನಮ್ಮ ತೋಟದಿಂದ ಬಾಳೂರಿನ ಟಾರು ರಸ್ತೆಗೆ ಹೋಗುವ ಮಣ್ಣುದಾರಿಯಲ್ಲಿ ಕಾಲು ಮೈಲಿ ಉದ್ದದ ಒಂದು ಕಡಿದಾದ ಚಡಾವಿದೆ, ತೋಟ ಕೆಳಗೆ, ರಸ್ತೆ ಮೇಲೆ. ಒಂದು ಬದಿಗೆ ಮಣ್ಣುಗೋಡೆಯಂಥ ದರೆ, ಇನ್ನೊಂದು ಬದಿಗೆ ಹಳ್ಳ, ನಡುವೆ ಒಂದೇ ಗಾಡಿ ಹಿಡಿಸುವಷ್ಟು ಜಾಗ. ಅಲ್ಲಿ ಯಾರೂ ಬರೆದಿಡದ ಕಾನೂನೊಂದು ಚಾಲ್ತಿಯಲ್ಲಿದೆ. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇಳಿಯುವವನು ರಿವರ್ಸ್ ಹಾಕಿ, ಮೇಲಿರುವ ಅಗಲದ ತಿರುವಿನವರೆಗೆ ಹಿಂದೆ ಸರಿದು, ದರೆಗೆ ಒತ್ತಿ ನಿಲ್ಲಬೇಕು. ಎಸ್ಟೇಟಿನ ಯಜಮಾನರಿಗೂ ಇದೇ, ಗೊಬ್ಬರದ ಟ್ರ್ಯಾಕ್ಟರಿಗೂ ಇದೇ. ಇದುವರೆಗೆ ವಿನಾಯಿತಿ ಪಡೆದದ್ದು ಆನೆ ಮಾತ್ರ.

ಈ ಕಾನೂನನ್ನು ಹೋದ ವರ್ಷದ ಕೊಯ್ಲಿನಲ್ಲಿ ಮುರಿದವರು ನನ್ನ ಭಾವ.

ಭಾವ ಎಂದರೆ ನನ್ನ ಚಿಕ್ಕಪ್ಪನ ಮಗಳ ಗಂಡ. ಅವರ ತೋಟ ನಮ್ಮ ಬೇಲಿಯಾಚೆಗೇ ಇದೆ, ದಾರಿ ಇಬ್ಬರಿಗೂ ಒಂದೇ. ಅವರು ನನ್ನನ್ನೂ ಭಾವ ಎನ್ನುತ್ತಾರೆ, ನಾನೂ ಅವರನ್ನು ಭಾವ ಎನ್ನುತ್ತೇನೆ. ಎರಡಕ್ಷರದ ಪದದಲ್ಲಿ ಎಷ್ಟು ವಿಷ ಹಿಡಿಸುತ್ತದೆ ಎಂಬುದನ್ನು ನಾವಿಬ್ಬರೂ ಇಪ್ಪತ್ತು ವರ್ಷಗಳಿಂದ ಅಳೆಯುತ್ತ ಬಂದಿದ್ದೇವೆ.

ಆ ದಿನ ನಾನು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜದ ಮೂಟೆಗಳನ್ನು ಹೇರಿಕೊಂಡು ಹೊರಟಿದ್ದೆ. ನನ್ನದು ಮಿಲಿಟರಿ ಹರಾಜಿನಲ್ಲಿ ತಂದ ಡಿಸ್ಪೋಸಲ್ ಲಾರಿ. ಆರು ಸಿಲಿಂಡರ್, ಟರ್ಬೋ, ನಾಲ್ಕು ಚಕ್ರಕ್ಕೂ ಎಳೆತ. ಹರೆಯದಲ್ಲಿ ಹಿಮದ ಬೆಟ್ಟಗಳನ್ನು ಹತ್ತಿದ ಗಾಡಿಯಂತೆ. ಪಕ್ಕದಲ್ಲಿ ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂತಿದ್ದರು. ಹಿಂದೆ ಮೂಟೆಗಳ ಮೇಲೆ ಆರು ಜನ ಆಳುಗಳಿದ್ದರು. ಚಡಾವಿನ ಮುಕ್ಕಾಲು ಭಾಗ ಹತ್ತಿದ್ದೇವೆ, ಎದುರಿಗೆ ಭಾವನ ಹೊಸ ಪಿಕಪ್ಪು, ಖಾಲಿ, ಇಳಿದು ಬಂದು ಮೂತಿಗೆ ಮೂತಿ ಕೊಟ್ಟು ನಿಂತಿತು.

"ಭಾವ, ಹಿಂದೆ ತಗೊಳ್ಳಿ," ಎಂದೆ.

"ಯಾಕೆ ಭಾವ?"

"ನಾನು ಹತ್ತುತಾ ಇದೀನಲ್ಲ."

ಭಾವ ಕೆಳಗಿಳಿದರು. ನನ್ನ ಮುಂದಿನ ಚಕ್ರವನ್ನು ಒಮ್ಮೆ ಬಗ್ಗಿ ನೋಡಿದರು. "ಹತ್ತುತಾ ಇದ್ರಾ? ಆ ತಿರುವಿಂದ ನೋಡ್ತಾನೇ ಇದೀನಿ, ನಿಂತಿದೀರಿ ಅಂದ್ಕಂಡೆ. ಹತ್ತೋ ಗಾಡಿಗಾದ್ರೆ ದಾರಿ ಬಿಡ್ಬೋದು ಮಾರಾಯ್ರೆ. ನಿಂತ ಗಾಡಿಗೆ ಯಾರು ಬಿಡ್ತಾರೆ?"

ಆರು ಜನ ಆಳುಗಳು ನನ್ನದೇ ಮೂಟೆಗಳ ಮೇಲೆ ಕೂತು ನಕ್ಕರು. ರೈಟರ್ ನಗಲಿಲ್ಲ, ಕೆಮ್ಮಿದರು. ಲಾರಿ ನಿಜಕ್ಕೂ ತೆವಳುತ್ತಿತ್ತು. ಆದರೆ ಮಾತಿನಲ್ಲಿ ಸತ್ಯಾಂಶವಿದ್ದರೆ ಅಪರಾಧ ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ. ತುಂಬಿದ ಲಾರಿಯನ್ನು ನಾನು ಕೆಳಗಿನವರೆಗೂ ಹಿಂದೆ ಇಳಿಸಿದೆ. ಮೇಲಿಂದ ಆಳುಗಳು "ಬಲಕ್ಕೆ, ಬಲಕ್ಕೆ, ಸಾಕು" ಎಂದು ಕೂಗುತ್ತಿದ್ದರು. ಭಾವ ಪಿಕಪ್ಪು ಹತ್ತಿ, ಮೂರು ಮಾರು ದೂರದಲ್ಲಿ, ಮೆರವಣಿಗೆಯನ್ನು ಕಳಿಸಿಕೊಡುವವರ ಹಾಗೆ, ಉದ್ದಕ್ಕೂ ಜೊತೆಗೇ ಬಂದರು. ಆ ವಾರದ ಕೊನೆಗೆ ನಾನು ಕಳಸಕ್ಕೆ ಹೋಗುವಷ್ಟರಲ್ಲಿ 'ನಿಂತ ಗಾಡಿ' ಎಂಬ ಮಾತು ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು.

ಅದೇ ಚಡಾವಿನಲ್ಲಿ, ಅದೇ ಲೋಡಿನಲ್ಲಿ, ಅದೇ ಭಾವನಿಂದ ರಿವರ್ಸ್ ಹೊಡೆಸುವವರೆಗೆ ನನಗೆ ಬೇರೆ ಕೆಲಸವಿಲ್ಲ ಎಂದು ತೀರ್ಮಾನಿಸಿದೆ.

ಚಿಕ್ಕಮಗಳೂರಿನಲ್ಲಿ ಡೀಸೆಲ್ ಪಂಪ್ ರಿಪೇರಿಯ ಒಂದು ಹಳೆಯ ಕೋಣೆ ಇದೆ. ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಒಂದು ಕಣ ಧೂಳು ಬಿದ್ದರೂ ಪಂಪು ಕೆಡುತ್ತದೆಂಬ ಕಾರಣಕ್ಕೆ ಅಲ್ಲಿರುವಷ್ಟು ಮಡಿ ನಾನು ಅನೇಕ ದೇವಸ್ಥಾನಗಳಲ್ಲಿ ಕಂಡಿಲ್ಲ. ಮೇಸ್ತ್ರಿಗೆ ಅರವತ್ತು ದಾಟಿದೆ, ಕೈಬೆರಳು ಡಾಕ್ಟರರ ಬೆರಳಿನ ಹಾಗೆ ಸ್ವಚ್ಛ.

"ಏನಾಗ್ಬೇಕು ಗೌಡ್ರೇ?" ಎಂದರು.

"ಒಬ್ಬರನ್ನ ರಿವರ್ಸ್ ಹೊಡಿಸ್ಬೇಕು."

ಅವರು ಹೊರಗಿದ್ದ ಲಾರಿಯತ್ತ ಒಮ್ಮೆ ನೋಡಿದರು. "ಲೋಡ್ ಎಷ್ಟಿರುತ್ತೆ?"

ಕಸುಬು ಬಲ್ಲವರು ಹೀಗೆ. ಕಾರಣ ಕೇಳುವುದಿಲ್ಲ.

ಪಂಪು ಬಿಚ್ಚಿ ಒಳಗಿನಿಂದ ಎಲಿಮೆಂಟನ್ನು ತೆಗೆದರು. ಎಲಿಮೆಂಟು ಎಂದರೆ ಒಂದು ಸಣ್ಣ ಉಕ್ಕಿನ ಕೊಳವೆ, ಅದರೊಳಗೆ ಕಿರುಬೆರಳಿನ ಗಾತ್ರದ ಒಂದು ಉಕ್ಕಿನ ಕಡ್ಡಿ. ಕಡ್ಡಿ ಮೇಲೆದ್ದಾಗ ಡೀಸೆಲ್ಲು, ಅದನ್ನು ಇಂಜಿನ್ನಿನೊಳಗೆ ಚಿಮ್ಮಿಸುವ ನಾಜಲ್ಲಿಗೆ ನುಗ್ಗುತ್ತದೆ. ಸಿಲಿಂಡರಿಗೊಂದರಂತೆ ಆರು ಇವೆ. ಬೆಳಕಿಗೆ ಹಿಡಿದು ಒಂದು ಗೀರು ತೋರಿಸಿದರು. "ಇಲ್ಲಿ ಡೀಸೆಲ್ಲು ಜಾರ್ತಿದೆ. ನೀವು ಎಷ್ಟು ತುಳಿದ್ರೂ ಅದು ಹಿಂದಕ್ಕೇ ಹೋಗೋದು."

ಹಿಂದಕ್ಕೆ ಹೋಗುವ ಮಾತು ನನಗೆ ಹಿತವಾಗಲಿಲ್ಲ.

ಅವರು ಹೇಳಿದ ಪಟ್ಟಿ ಸರಳವಾಗಿತ್ತು. ಎಲಿಮೆಂಟು ಬದಲಿಸುವುದು, ಅದರ ಮೇಲೆ ಕೂರುವ ಡೆಲಿವರಿ ವಾಲ್ವು ಬದಲಿಸುವುದು, ನಾಜಲ್ಲುಗಳನ್ನು ತೊಳೆದು ಹಾಗೇ ಕೂರಿಸುವುದು. ಇಲ್ಲಿ ನನ್ನೊಳಗಿನ ಕಾಫಿ ಬೆಳೆಗಾರ ಎದ್ದು ಕೂತ. ಮಳೆಗಾಲಕ್ಕೆ ಮುಂಚೆ ಗಿಡಗಳಿಗೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಸುತ್ತ ಮೂವತ್ತು ವರ್ಷ ಕಳೆದವನು ನಾನು. ನಾಜಲ್ಲಿನ ವಿಷಯದಲ್ಲಿ ಯಾರಿಂದಲೂ ಪಾಠ ಬೇಕಿರಲಿಲ್ಲ. ಬೋರ್ಡೋ ಸಾಲದೆ ಬಂದರೆ ಏನು ಮಾಡುತ್ತೇವೆ? ದೊಡ್ಡ ತೂತಿನ ನಾಜಲ್ ಹಾಕುತ್ತೇವೆ.

"ಎಲಿಮೆಂಟ್ ಹಾಗಿರ್ಲಿ. ನಾಜಲ್ ದೊಡ್ಡ ತೂತಿಂದು ಹಾಕಿ," ಎಂದೆ.

"ಗೌಡ್ರೇ, ಇದು ಗಿಡಕ್ಕೆ ಹೊಡಿಯೋದಲ್ಲ. ಹೊಗೆ ಥರ ಸಣ್ಣಗೆ ಹೋದ್ರೆ ಉರಿಯುತ್ತೆ. ದೊಡ್ಡ ತೂತಲ್ಲಿ ಹನಿ ಹನಿ ಬೀಳುತ್ತೆ, ಅರ್ಧ ಉರಿಯಲ್ಲ."

"ಹಾಕಿ."

"ನಿಮ್ಮ ಗಾಡಿ," ಎಂದು ಹಾಕಿಕೊಟ್ಟರು.

ಲಾರಿ ಮಠದ ಆನೆಯ ಗಾಂಭೀರ್ಯದಿಂದ ಊರು ಸೇರಿತು, ಹಿಂದೆ ಕರಿಮೋಡವನ್ನು ಎಳೆದುಕೊಂಡು. ಹೊಗೆ ಬಂದಷ್ಟು ಬಲ ಬರಲಿಲ್ಲ. ಕಣದಲ್ಲಿ ಒಣಗಲು ಹರಡಿದ್ದ ಪಾರ್ಚ್‌ಮೆಂಟಿನ ಮೇಲೆ ಮಸಿ ಕೂತಿತು. ಬಾಳೂರಿನ ಚಾ ಅಂಗಡಿಯ ಮುಂದೆ ನಿಲ್ಲಿಸಿದಾಗ ಭಾವ ಒಳಗೇ ಇದ್ದರು. ಲೋಟ ಹಿಡಿದುಕೊಂಡೇ ಹೊರಬಂದು, ಮೋಡ ಚದುರುವವರೆಗೆ ತಾಳ್ಮೆಯಿಂದ ಕಾದರು.

"ಓ, ಒಳಗೆ ಭಾವ ಇದಾರೆ," ಎಂದರು. "ಕಾಂಡ ಕೊರೆಯೋ ಹುಳಕ್ಕೆ ಹೊಗೆ ಹಾಕೋ ಹೊಸ ಮಿಷನ್ನು ಅಂದ್ಕಂಡೆ. ನಮ್ ತೋಟಕ್ಕೂ ಒಂದ್ ರೌಂಡ್ ಹೊಡಿರಲ್ಲ, ಹುಳ ಜಾಸ್ತಿ ಇದೆ."

ಅಂಗಡಿಯವನು ನನ್ನ ಚಾಕ್ಕೆ ಸಕ್ಕರೆ ಹಾಕುವುದನ್ನು ಮರೆತು ನಕ್ಕ. ಹೀಗೆ ನನ್ನ ಮೇಲಿದ್ದ ಒಂದು ಅಪಮಾನ ಎರಡಾಯಿತು. ಎರಡನೆಯದನ್ನು ನಾನೇ ಕೈಯಾರೆ ಆರಿಸಿ ತಂದಿದ್ದೆ.

ಮರುದಿನವೇ ಮತ್ತೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಮೇಸ್ತ್ರಿ 'ನಾನು ಹೇಳಿರ್ಲಿಲ್ವಾ' ಎನ್ನಲಿಲ್ಲ. ಅಂದಿದ್ದರೆ ವಾದಿಸಬಹುದಿತ್ತು. ಸುಮ್ಮನೆ ಕುರ್ಚಿ ತೋರಿಸಿ, ನಾಜಲ್ಲುಗಳನ್ನು ಕಳಚಿ ಒಂದು ಹಳೆ ತಟ್ಟೆಯಲ್ಲಿ ನನ್ನ ಮುಂದೆ ಇಟ್ಟರು, ಶಸ್ತ್ರಚಿಕಿತ್ಸೆಯ ನಂತರ ಮನೆಯವರಿಗೆ ತೋರಿಸುವ ಹಾಗೆ.

"ಹತ್ತರ ಎಲಿಮೆಂಟ್ ಹಾಕೋಣ್ವಾ?" ಎಂದೆ. ಇದ್ದದ್ದು ಒಂಬತ್ತು ಮಿಲಿಮೀಟರಿನದು.

"ಒಂಬತ್ತೂವರೆ ಸಾಕು. ಡೀಸೆಲ್ಲಿಗೆ ತಕ್ಕ ಗಾಳಿ ಬೇಕಲ್ಲ. ನಿಮ್ಮ ಟರ್ಬೋ ಕೊಡೋ ಗಾಳಿಗೆ ಅಷ್ಟೇ. ಜಾಸ್ತಿ ಹಾಕಿದ್ರೆ ಮತ್ತೆ ಹುಳಕ್ಕೇ ಹೊಗೆ."

ಹುಳದ ಮಾತು ಚಿಕ್ಕಮಗಳೂರಿನವರೆಗೂ ಬಂದಿದೆಯೆಂದು ಆಗ ತಿಳಿಯಿತು. ಸೇಡಿಗೆ ಅದು ಒಳ್ಳೆಯ ಗೊಬ್ಬರವಾಯಿತು.

ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಎಲಿಮೆಂಟು ಆರಿಸಿದೆವು. ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿ, ಕಡ್ಡಿಯನ್ನು ಎಳೆದು ಬಿಟ್ಟರೆ ಅದು ತಾನಾಗಿ ಒಳಕ್ಕೆ ಸೆಳೆದುಕೊಳ್ಳಬೇಕು. ಸೆಳೆದರೆ ಬಿಗಿ ಚೆನ್ನಾಗಿದೆ, ಸೋಮಾರಿಯಂತೆ ಹೊರಗೇ ಉಳಿದರೆ ಬೇಡ. ಡಬ್ಬಿಗಳ ಮೇಲಿನ ಹೊಳಪು ನೋಡಿ ನಾನು ಮೊದಲೇ ಮೆಚ್ಚಿಟ್ಟಿದ್ದ ಒಂದು ಸೆಟ್ಟು ಪೂರ್ತಿ ಫೇಲಾಯಿತು. ಸಾದಾ ರಟ್ಟಿನ ಡಬ್ಬಿಯವು ಆರಕ್ಕೆ ಆರೂ ಪಾಸಾದವು. ಫೇಲಾದವನ್ನು ಬೇರೆ ರಾಶಿ ಹಾಕಿದೆ. ಮನಸ್ಸಿನಲ್ಲಿ ಆ ರಾಶಿಯನ್ನು ಭಾವ ಎಂದು ಕರೆದೆ. ಡೆಲಿವರಿ ವಾಲ್ವುಗಳೂ ಹಾಗೇ ಒಂದೊಂದಾಗಿ ಪರೀಕ್ಷೆಗೆ ಕೂತು ಎದ್ದವು.

"ಗವರ್ನರ್ ಸ್ಪ್ರಿಂಗೂ ಸ್ವಲ್ಪ ಬಿಗಿ ಮಾಡಿ," ಎಂದೆ. ಇಂಜಿನ್ನಿನ ವೇಗಕ್ಕೆ ಕಡಿವಾಣ ಹಾಕುವುದು ಅದೇ.

"ಅದನ್ನ ಮುಟ್ಟಲ್ಲ. ಅದು ಕೈ ತಪ್ಪಿದ್ರೆ ಇಂಜಿನ್ನು ನಿಮ್ಮಂಗೇ ಆಗುತ್ತೆ."

"ನನ್ನಂಗೆ ಅಂದ್ರೆ?"

"ನಿಲ್ಸೋಕಾಗಲ್ಲ."

ಕೊನೆಗೆ ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ತಿರುಗಿಸಿದರು. ಆರು ಗಾಜಿನ ಕೊಳವೆಗಳಲ್ಲಿ ಡೀಸೆಲ್ಲು ಏರಿತು. ನಾಲ್ಕನೆಯದರಲ್ಲಿ ಒಂದು ಕೂದಲೆಳೆ ಕಡಿಮೆ. ನನಗೆ ಅಷ್ಟು ಸಾಕಾಗಿತ್ತು, ಅವರಿಗೆ ಸಾಲಲಿಲ್ಲ. ಚೆಲ್ಲಿ, ತಿರುಪಿ, ಮತ್ತೆ ಓಡಿಸಿ, ಆರೂ ಒಂದೇ ಗೆರೆಗೆ ಬಂದ ಮೇಲೆಯೇ ಕೈ ಒರೆಸಿಕೊಂಡರು. ಆ ಗೆರೆಯನ್ನು ನೋಡಿದಾಗ ನನಗೆ ಉಂಟಾದ ಶಾಂತಿ ಧ್ಯಾನ ಮಾಡುವವರಿಗೆ ಸಿಗುವಂಥದ್ದಿರಬೇಕು. ಉದ್ದೇಶ ಮಾತ್ರ ಬೇರೆ.

ಇನ್ನು ಭಾವ ಎದುರಾಗಬೇಕಿತ್ತು. ಅವರು ಬೆಳಿಗ್ಗೆ ಹತ್ತು ಹತ್ತೂವರೆಗೆ ಬಾಳೂರಿನಿಂದ ಹಿಂತಿರುಗುತ್ತಾರೆ. ನಾನು ಅದೇ ಹೊತ್ತಿಗೆ ಪಾರ್ಚ್‌ಮೆಂಟ್ ಹೇರಿಸಿಕೊಂಡು ಹೊರಟೆ. ಸಿಗಲಿಲ್ಲ. ಟಾರು ರಸ್ತೆ ಮುಟ್ಟಿ, ತಿರುಗಿಸಿ, ಅದೇ ಲೋಡನ್ನು ಕೆಳಗೆ ತಂದೆ. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ರೈಟರ್ ಹೊರಗೆ ನೋಡುತ್ತಲೇ ಕೇಳಿದರು. "ಸಾರ್, ಪಾರ್ಚ್‌ಮೆಂಟಿಗೆ ಊರು ತೋರಿಸ್ತಿದೀವಾ?"

ನಾಲ್ಕನೆಯ ದಿನ ಪಿಕಪ್ಪು ಸಿಕ್ಕಿತು, ಸರಿಯಾಗಿ ಚಡಾವಿನ ನಡುವೆ. ಒಂಬತ್ತೂವರೆ ಎಲಿಮೆಂಟು ತನ್ನ ಧರ್ಮವನ್ನು ನಡೆಸುತ್ತಿತ್ತು. ಲಾರಿ ಸೆಕೆಂಡ್ ಗೇರಿನಲ್ಲಿ, ಹೊಗೆಯಿಲ್ಲದೆ, ಒಂದೇ ದನಿಯಲ್ಲಿ ಹತ್ತುತ್ತಿತ್ತು. ನಾನು ಹಾರನ್ ಹೊಡೆಯಲಿಲ್ಲ, ಬ್ರೇಕಿನ ಮೇಲೆ ಕಾಲನ್ನೂ ಇಡಲಿಲ್ಲ. ಗಾಜಿನಾಚೆ ಭಾವನ ಮುಖದಲ್ಲಿ ಲೆಕ್ಕಾಚಾರ ನಡೆಯುವುದು ಕಂಡಿತು. ಅದು ನಿಂತ ಗಾಡಿಯಲ್ಲ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಪಿಕಪ್ಪಿನ ರಿವರ್ಸ್ ದೀಪ ಹೊತ್ತಿತು.

ಖಾಲಿ ಪಿಕಪ್ಪಿನ ಹಿಂದಿನ ಚಕ್ರಗಳು ಧೂಳಿನಲ್ಲಿ ಜಾರಿ ಸುತ್ತಿದವು. ನಾನು ಮೂರು ಮಾರು ದೂರ ಕಾಯ್ದುಕೊಂಡು, ಅವಸರ ಮಾಡದೆ, ಉದ್ದಕ್ಕೂ ಜೊತೆಗೇ ಹೋದೆ. ಅವರು ಎರಡು ಸಲ ದರೆಗೆ ತಾಗಿಸಿಕೊಂಡರು. ಮೇಲಿನ ತಿರುವಿನಲ್ಲಿ ಒತ್ತಿ ನಿಲ್ಲಿಸಿದಾಗ ಅವರ ಎಡಗಡೆಯ ಕನ್ನಡಿ ಮಡಚಿ ಹೋಗಿತ್ತು.

ನಾನು ಹಾಗೇ ಮುಂದೆ ಹೋಗಬಹುದಿತ್ತು. ಬೇಕೆಂದೇ ಪಕ್ಕದಲ್ಲಿ ನಿಲ್ಲಿಸಿದೆ, ಪೂರ್ತಿ ಲೋಡು, ಪೂರ್ತಿ ಏರು, ಈಗ ನಿಜಕ್ಕೂ ನಿಂತ ಗಾಡಿ. ಭಾವ ಗಾಜು ಇಳಿಸಿ, ನನ್ನತ್ತ ನೋಡದೆ, "ಹೋಗಿ ಭಾವ," ಎಂದರು.

ಇಂಜಿನ್ ಶಬ್ದಕ್ಕೆ ಕೇಳಿಸಲಿಲ್ಲವೆಂದು ಕಿವಿಗೆ ಕೈ ಹಿಡಿದೆ.

"ಹೋಗಿ ಭಾವ."

"ಸಾರ್, ಹೋಗಿ ಅಂತಿದಾರೆ," ಎಂದರು ರೈಟರ್.

"ಗೊತ್ತು. ಸುಮ್ನಿರಿ." ನಾನು ತಲೆಯಲ್ಲಾಡಿಸಿ ಇನ್ನೂ ಸ್ವಲ್ಪ ಅವರ ಕಡೆ ಬಾಗಿದೆ.

ಮೂರನೆಯ ಸಲ ಭಾವ ತಲೆ ಹೊರಗೆ ಹಾಕಿ, ಗಂಟಲು ಬಿಟ್ಟು ಕೂಗಿದರು. ಹಳ್ಳದಾಚೆಯ ಕಾಫಿ ಪಟ್ಟೆಯಲ್ಲಿ ಹಣ್ಣು ಕೊಯ್ಯುತ್ತಿದ್ದವರು ಕೈ ನಿಲ್ಲಿಸಿ ಈ ಕಡೆ ತಿರುಗಿದರು. ನಾನು ಭಾವನಿಗೆ ಯಥೋಚಿತವಾಗಿ ಕೈಮುಗಿದು ಕ್ಲಚ್ ಬಿಟ್ಟೆ.