ಬಲಗಡೆ ಸೀಟುಗಳ ಬಿಸಿಲು

ನಾನು ಬೇಸ್‌ಬಾಲ್ ಸ್ಟೇಡಿಯಂಗಳನ್ನು ವಿನ್ಯಾಸ ಮಾಡುವ ಆರ್ಕಿಟೆಕ್ಟ್. ಡಲ್ಲಾಸ್‌ನ ಕನ್ನಡದವರ ಮನೆಗೆ ಊಟಕ್ಕೆ ಹೋದಾಗ ಇದನ್ನು ಹೇಳಿದರೆ ಯಾರಾದರೊಬ್ಬ ಅಂಕಲ್, "ಯಾಕಮ್ಮಾ, ಕ್ರಿಕೆಟ್‌ದು ಸಿಗ್ಲಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಹುಬ್ಬಳ್ಳಿಯಿಂದ ಆಸ್ಟಿನ್‌ಗೆ ಓದಲು ಬಂದವಳಿಗೆ ಮೊದಲು ಸಿಕ್ಕ ಕೆಲಸ ಇದು, ಅಷ್ಟೇ. ಹ್ಯೂಸ್ಟನ್‌ನ ಆಫೀಸೊಂದರಲ್ಲಿ ವರ್ಷಗಟ್ಟಲೆ ಸ್ಟೇಡಿಯಂಗಳ ಮೆಟ್ಟಿಲು, ಶೌಚಾಲಯಗಳ ನಕ್ಷೆ ಬರೆದೆ. ಆಟ ಅರ್ಥವಾದದ್ದು ಆಮೇಲೆ. ಜನ ಎಲ್ಲಿ ಕೂರುತ್ತಾರೆ, ಯಾಕೆ ಎದ್ದುಹೋಗುತ್ತಾರೆ ಎನ್ನುವುದನ್ನು ಮಾತ್ರ ಮೊದಲಿನಿಂದಲೂ ಗಮನಿಸುತ್ತಿದ್ದೆ.

ಮದುವೆಯಾಗಿ ಡಲ್ಲಾಸ್‌ಗೆ ಶಿಫ್ಟ್ ಆದಮೇಲೆ, ಪೂರ್ತಿ ನನ್ನದೇ ಹೊಣೆಯಲ್ಲಿ ಬಂದ ಮೊದಲ ಕೆಲಸ ಆಸ್ಟಿನ್ ಹತ್ತಿರದ ಒಂದು ಹಳೆಯ, ಚಿಕ್ಕ ಸ್ಟೇಡಿಯಂನ ನವೀಕರಣ. ಅಲ್ಲಿ ಭಾನುವಾರ ಮಧ್ಯಾಹ್ನ, ಸುಡುಬಿಸಿಲಲ್ಲೇ ಆಟ. ಬಲಗಡೆಯ ಅಗ್ಗದ ಸೀಟುಗಳ ಮೇಲೆ ಒಂದು ತಗಡೂ ಇರಲಿಲ್ಲ. ನಾನು ಬರೆದ ಮೊದಲ ಗೆರೆಯೇ ಆ ಸೀಟುಗಳ ಚಾವಣಿ.

ಅಲ್ಲಿ ಆಡುವ ತಂಡದ ಮಾಲೀಕರ ಆಫೀಸು ಹ್ಯೂಸ್ಟನ್‌ನಲ್ಲಿ, ತೈಲ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್‌ನಲ್ಲಿತ್ತು. ಪ್ರತಿ ಮೀಟಿಂಗ್‌ಗೂ ಡಲ್ಲಾಸ್‌ನಿಂದ ಡ್ರೈವ್ ಮಾಡಿಕೊಂಡು ಹೋಗಬೇಕು. ಅವರು ಒಳ್ಳೆಯ ಮನುಷ್ಯ, ಕಾಫಿಯನ್ನು ತಾವೇ ತಂದುಕೊಡುವರು. ನಕ್ಷೆ ನೋಡಿ, "ತುಂಬ ಚೆನ್ನಾಗಿದೆ. ಚಾವಣಿ ಮುಂದಿನ ಹಂತಕ್ಕೆ ಇರಲಿ, ಈಗ ದುಬಾರಿ ಟಿಕೆಟ್‌ನವರಿಗೆ ಮೇಲೊಂದು ಏಸಿ ಲೌಂಜ್ ಸೇರಿಸಿ," ಎನ್ನುವರು. ಮುಂದಿನ ಸಲ ಲೌಂಜ್ ಇನ್ನಷ್ಟು ದೊಡ್ಡದಾಗಬೇಕು. ಅದರ ಮುಂದಿನ ಸಲ ಅದಕ್ಕೆ ಗಾಜಿನ ಗೋಡೆ. ಚಾವಣಿಯನ್ನು ನಾನು ಅರ್ಧಕ್ಕೆ ಇಳಿಸಿದೆ. ಆಮೇಲೆ ಬರೀ ಬಟ್ಟೆಯ ಪರದೆ ಸಾಕೆಂದೆ. ಕೊನೆಗೆ ಅದೂ ಹೋಯಿತು.

ಡಲ್ಲಾಸ್ ಪಕ್ಕದ ಅಲೆನ್ ಊರಿನ ನಮ್ಮ ಮನೆಗೆ ಬಂದು ಬ್ಯಾಗು ಬಿಸಾಡಿದರೆ ಗಂಡ ಅನ್ನುತ್ತಿದ್ದ: "ಎಷ್ಟ್ ತಲಿ ಕೆಡಿಸ್ಕೋತಿ? ಸ್ಟೇಡಿಯಂ ಅವರ್ದು, ಬಿಡು."

"ನಿಮಗೇನ್ರಿ, ಪ್ಲೇನೋದ ಆಫೀಸಿನ್ಯಾಗ ಏಸಿ ಒಳಗ ಕುಂತಿರ್ತೀರಿ. ಸುಡು ಸೀಟಿನ ಮ್ಯಾಲ ಕುಂದ್ರೋರು ಯಾರು?"

ಹೊಸ ಸ್ಟೇಡಿಯಂ ತೆರೆದ ಭಾನುವಾರ ಅತ್ತೆಯವರು ನಮ್ಮಲ್ಲೇ ಇದ್ದರು. ಸೊಸೆ ಕಟ್ಟಿಸಿದ್ದನ್ನು ನೋಡಲೇಬೇಕೆಂದು ಹೊರಟರು. ಮಾಲೀಕರು ನನಗೆ ಲೌಂಜ್‌ನ ಪಾಸು ಕೊಟ್ಟಿದ್ದರು. ಹಟಕ್ಕೆ ಬಿದ್ದು ಗಂಡ, ಮಗಳು, ಅತ್ತೆ ಎಲ್ಲರನ್ನೂ ಬಲಗಡೆಯ ಸೀಟಿಗೇ ಕರೆದೊಯ್ದೆ. ಅತ್ತೆ ಕೂತವರೇ ಎದ್ದರು. ಸೆರಗನ್ನು ಮಡಚಿ ಸೀಟಿನ ಮೇಲೆ ಹಾಕಿ ಮತ್ತೆ ಕೂತರು. ಸ್ವಲ್ಪ ಹೊತ್ತು ತಡೆದುಕೊಂಡು, "ಕಾದ ಹಂಚಿನ ಮ್ಯಾಲ ಕುಂತಂಗಾಗೇತಿ. ನಡಿಯವಾ, ಎಲ್ಲೆರೆ ನೆರಳಿಗಿ ಹೋಗೂಣು," ಅಂದರು. ಮಗಳಂತೂ "Amma, I'm melting," ಎನ್ನುತ್ತ ಆಗಲೇ ಮೆಟ್ಟಿಲು ಹತ್ತಿದ್ದಳು.

ಸೀಟುಗಳ ಹಿಂದೆ ತಿಂಡಿ ಅಂಗಡಿಗಳ ಓಣಿಯಿದೆ. ಸೂರು ಇದ್ದದ್ದು ಅಲ್ಲಿ ಮಾತ್ರ. ಎದ್ದುಬಂದವರೆಲ್ಲ ಅಲ್ಲೇ ಒತ್ತೊತ್ತಾಗಿ ನಿಂತು ಗೋಡೆಯ ಟೀವಿಯಲ್ಲಿ ಆಟ ನೋಡುತ್ತಿದ್ದರು. ಮೈದಾನ ಅವರ ಬೆನ್ನ ಹಿಂದೆಯೇ ಇತ್ತು.

ಅಷ್ಟರಲ್ಲಿ ಮಾಲೀಕರು ಬಂದು ಕೈಕುಲುಕಿದರು. "ನೋಡಿ, ಕಾಲಿಡಲು ಜಾಗವಿಲ್ಲ! ನೀವು ಮಾಡಿದ ಈ ಓಣಿ ಜನರಿಗೆ ಎಷ್ಟು ಹಿಡಿಸಿದೆ!"

"ಹಿಡಿಸಿದ್ದಕ್ಕೆ ಬಂದವರಲ್ಲ ಇವರು, ಬಿಸಿಲು ತಾಳದೆ ಓಡಿಬಂದವರು," ಎಂದೆ. ನನ್ನ ದನಿ ಏರಿತ್ತು. "ಬನ್ನಿ, ಆ ಸೀಟಿನ ಮೇಲೆ ಒಂದು ನಿಮಿಷ ಕೂತು ನೋಡಿ."

ಅವರು ಬರಲಿಲ್ಲ. ನಗುತ್ತಲೇ, "ಮುಂದಿನ ಹಂತದಲ್ಲಿ ಖಂಡಿತ," ಎಂದು ಭುಜ ತಟ್ಟಿ ಹೊರಟುಹೋದರು.

ಮರುದಿನ ನಮ್ಮ ಬಾಸ್ ಕರೆದು, ಗಿರಾಕಿಯ ಜೊತೆ ಹಾಗೆ ಮಾತಾಡಬಾರದೆಂದರು. ಕೆಲವು ವಾರಗಳಲ್ಲಿ ತಂಡದವರು ಭಾನುವಾರದ ಆಟಗಳನ್ನೆಲ್ಲ ಸಂಜೆಗೆ ಹಾಕಿದರು. ಅಲ್ಲಿಗೆ ಎಲ್ಲರ ಮಟ್ಟಿಗೂ ಸಮಸ್ಯೆ ಮುಗಿದಿತ್ತು. ಮುಂದಿನ ಹಂತದ ಕೆಲಸವೂ ಬಂತು: ಎರಡನೇ ಲೌಂಜ್. ಅದನ್ನು ನನಗೆ ಕೊಡಲಿಲ್ಲ.

ಈಗ ಹ್ಯೂಸ್ಟನ್‌ನ ಬೇರೊಂದು ಸ್ಟೇಡಿಯಂ ನನ್ನ ಮೇಜಿನ ಮೇಲಿದೆ. ಬಿಸಿಲಿನ ಕಡೆಯ ಸೀಟುಗಳಿಗೆ ಚಾವಣಿ ಬರೆದಿದ್ದೇನೆ. ಮೊದಲ ಮೀಟಿಂಗ್‌ನಲ್ಲಿ ಅದನ್ನು ತೆಗೆಯಿರೆಂದು ಯಾರೂ ಹೇಳಲಿಲ್ಲ. ಹಾಗಂತ ಸಂತೋಷಪಡುವಷ್ಟು ಹೊಸಬಳಲ್ಲ ನಾನು.