ಕುಂಟಿಯ ಮೇಲೆ ಹೊಲಿದ ಶರ್ಟು

ಅದೃಷ್ಟ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಅದೃಷ್ಟದಕ್ಕ ಎಂದು. ಒಳ್ಳೆಯ ಮಿಷನ್ನಿಗಾಗಿ ಹೆಂಗಸರು ಜುಟ್ಟು ಹಿಡಿದು ಜಗಳವಾಡದಿರಲಿ ಎಂದು ಅಲ್ಲಿ ತಿಂಗಳಿಗೊಮ್ಮೆ ಚೀಟಿ ಎತ್ತಿಸುತ್ತಿದ್ದರು. ಗುಂಡಿ ಡಬ್ಬಿಯೊಳಗೆ ಕೈ ಹಾಕಬೇಕು, ಬಂದ ನಂಬರಿನ ಮಿಷನ್ನಿನ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇವಳಿಗೆ ಯಾವುದು ಬಂದರೂ ಅದು ತಿಂಗಳಿಡೀ ಒಂದು ದಾರವನ್ನೂ ಕಡಿಯದೆ ಓಡುತ್ತಿತ್ತು.

ಓಡದೆ ಏನು ಮಾಡೀತು? ಗಂಟೆ ಹೊಡೆಯುವುದಕ್ಕೆ ಅರ್ಧ ತಾಸು ಮೊದಲೇ ಬಂದು, ಮಿಷನ್ನಿನ ಸೂಜಿ ಕೆಳಗಿನ ತಟ್ಟೆ ಬಿಚ್ಚಿ, ಒಳಗೆ ಸೇರಿದ ಬಟ್ಟೆಯ ನಾರನ್ನೆಲ್ಲ ಬ್ರಷ್ಷಿನಿಂದ ಗುಡಿಸಿ, ಎಣ್ಣೆ ಬಿಟ್ಟು, ಮೊಂಡಾದ ಸೂಜಿ ಬದಲಾಯಿಸುತ್ತಿದ್ದಳು ಮಹಾತಾಯಿ. ಆ ಹೊತ್ತಿನಲ್ಲಿ ನೋಡುವುದಕ್ಕೆ ಅಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ.

ಪಕ್ಕದ ಸಾಲಿನಲ್ಲಿ ಅವಳ ನಾದಿನಿ. ಇಬ್ಬರೂ ಒಂದೇ ಮನೆಯವರು, ಒಂದೇ ಕಾರ್ಖಾನೆಯವರು. ನಾದಿನಿ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ, ತಲೆಯನ್ನೂ ನೆಟ್ಟಗೆ ಬಾಚಿಕೊಳ್ಳದೆ, ಏದುಸಿರು ಬಿಡುತ್ತ ಬರುವವಳು. ಕೂತ ಹತ್ತು ನಿಮಿಷಕ್ಕೆ ಅವಳ ದಾರ ಕಡಿಯುತ್ತಿತ್ತು, ಇಲ್ಲವೇ ಸೂಜಿ ಮುರಿಯುತ್ತಿತ್ತು.

"ನನ್ನ ಹಣೆಬರಹ ನೋಡಿ ಅತ್ತಿಗೆ."

"ಹಣೆಬರಹ ಅಲ್ಲ, ಸೋಮಾರಿತನ," ಎಂದು ಇವಳು ನಾಲ್ಕು ಜನರ ಮುಂದೆಯೇ ಅಂದುಬಿಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಅಂದಿದ್ದಳೋ ಲೆಕ್ಕವಿಲ್ಲ.

ಆ ಹನ್ನೊಂದು ವರ್ಷವೂ ಅವಳು ಹೊಲಿದದ್ದು ಬರೀ ಕಾಲರ್. ಸಾವಿರಾರು, ಲಕ್ಷಾಂತರ ಕಾಲರ್. ಅವು ಯಾರ ಕುತ್ತಿಗೆಗೆ ಹೋದವೋ ದೇವರಿಗೇ ಗೊತ್ತು. ಒಂದು ಶರ್ಟನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಬೇಕು ಎಂಬ ಆಸೆ ಅವಳ ಎದೆಯಲ್ಲಿ ಬೇರು ಬಿಟ್ಟು ಕೂತಿತ್ತು. ಅದು ಸಾಧ್ಯವಿದ್ದದ್ದು ಮೇಲಿನ ಸ್ಯಾಂಪಲ್ ಕೋಣೆಯಲ್ಲಿ ಮಾತ್ರ. ಅಲ್ಲೊಂದು ಜಾಗ ಖಾಲಿಯಾಯಿತು. ಆರು ಮಂದಿಗೆ ಕತ್ತರಿಸಿದ ಬಟ್ಟೆ ಕೊಡುವುದು, ಯಾರು ಮೊದಲು ತಪ್ಪಿಲ್ಲದೆ ಶರ್ಟು ಮುಗಿಸುತ್ತಾರೋ ಜಾಗ ಅವರದ್ದು ಎಂದು ತೀರ್ಮಾನವಾಯಿತು. ಆರರಲ್ಲಿ ಅತ್ತಿಗೆಯೂ ಇದ್ದಳು, ನಾದಿನಿಯೂ ಇದ್ದಳು.

ಕೂರುವ ಮೊದಲು ಮತ್ತೆ ಚೀಟಿ. ನಾದಿನಿಗೆ ಹೊಚ್ಚ ಹೊಸ ನಾಲ್ಕನೇ ನಂಬರ್ ಬಂತು. ಇವಳು ಚೀಟಿ ಬಿಚ್ಚಿದಳು. ಮೂಲೆಯ ಹದಿನೇಳು. ಹೊಲಿಗೆ ಹಾರಿಸಿ ಹಾರಿಸಿ ಕುಂಟಿ ಎಂದು ಹೆಸರು ಪಡೆದ ಮಿಷನ್ ಅದು. ಬಿಚ್ಚಿ ನೋಡುವುದಕ್ಕೆ ಪುರುಸೊತ್ತೇ ಇರಲಿಲ್ಲ, ಸೂಪರ್‌ವೈಸರ್ ಆಗಲೇ ಗಡಿಯಾರ ಹಿಡಿದು ನಿಂತಿದ್ದ.

ಶುರುವಾಯಿತು ನೋಡಿ. ಕಾಲರನ್ನು ಅವಳು ಕಣ್ಣು ಮುಚ್ಚಿ ಮುಗಿಸಿದಳು. ಭುಜ ಕೂಡಿಸಿದಳು. ಅಲ್ಲಿಂದ ಕುಂಟಿ ತನ್ನ ಬುದ್ಧಿ ತೋರಿಸಿತು. ದಾರ ಕಡಿಯಿತು, ಪೋಣಿಸಿದಳು, ಮತ್ತೆ ಕಡಿಯಿತು. ಓರೆಗಣ್ಣಿನಿಂದ ನೋಡಿದರೆ ನಾದಿನಿ ಒಂದು ತೋಳು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಾಳೆ. ಆ ಹುಡುಗಿಯ ಕೈ ಇಷ್ಟು ಚುರುಕೇ? ಇವಳ ಬೆನ್ನಿನ ಮೇಲೆ ಬೆವರು ಧಾರಾಕಾರ. ಕೆಟ್ಟೆ, ಮುಗೀತು ನನ್ನ ಕಥೆ, ಎಂದುಕೊಂಡಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

"ಗಡಿಯಾರ ನಿಲ್ಲಿಸಿದೀನಿ. ಯಾರೂ ಬಟ್ಟೆ ಮುಟ್ಟಬಾರದು," ಎಂದ ಸೂಪರ್‌ವೈಸರ್. ಉಳಿದ ಐವರೂ ಕೈಕಟ್ಟಿ ಕೂತರು. ಬಟ್ಟೆ ಮುಟ್ಟಬಾರದು ಅಂದನಲ್ಲ, ಮಿಷನ್ ಮುಟ್ಟಬಾರದು ಅನ್ನಲಿಲ್ಲವಲ್ಲ. ಅವಳು ಶರ್ಟನ್ನು ಪಕ್ಕಕ್ಕಿಟ್ಟು ಕುಂಟಿಯ ಹೊಟ್ಟೆ ಬಿಚ್ಚಿದಳು. ಮುಷ್ಟಿ ತುಂಬ ನಾರು ಬಂತು. ಒಳಗಿನ ಕೊಕ್ಕೆಯ ಮೇಲೆ ಬೆರಳಾಡಿಸಿದರೆ ಕೂದಲೆಳೆಯಷ್ಟು ಒರಟು. ದಾರ ಕಡಿಯುತ್ತಿದ್ದ ಕಳ್ಳ ಸಿಕ್ಕಿಬಿದ್ದ. ಚೀಲದಲ್ಲಿದ್ದ ಉಪ್ಪುಕಾಗದದ ಚೂರಿನಿಂದ ಉಜ್ಜಿದಳು, ಎಣ್ಣೆ ಬಿಟ್ಟಳು, ತಟ್ಟೆ ಕೂರಿಸಿದಳು. ಕೊನೆಯ ತಿರುಪು ಬಿಗಿಯುತ್ತಿದ್ದ ಹಾಗೆ ದೀಪ ಬಂತು.

ಆಮೇಲಿನದ್ದು ಏನು ಹೇಳಲಿ. ಕುಂಟಿ ಓಡಿತು! ಒಂದು ತೋಳು, ಇನ್ನೊಂದು ತೋಳು, ಪಕ್ಕೆ, ಕೈಪಟ್ಟಿ, ಅಂಚು. ಹೆಂಗಸರೆಲ್ಲ ತಮ್ಮ ಕೆಲಸ ಬಿಟ್ಟು ಸುತ್ತ ನೆರೆದಿದ್ದರು. ಅವಳು ಕೊನೆಯ ದಾರ ಕತ್ತರಿಸಿ ಎದ್ದು ನಿಂತಾಗ ನಾದಿನಿಗೆ ಇನ್ನೂ ಒಂದು ಕೈಪಟ್ಟಿ ಉಳಿದಿತ್ತು. ಸೂಪರ್‌ವೈಸರ್ ಶರ್ಟನ್ನು ಒಳಮೈ ಹೊರಮೈ ಮಾಡಿ ನೋಡಿದ, ತಲೆಯಾಡಿಸಿದ. ಅವಳು ಅದನ್ನು ಕೈಗೆ ತೆಗೆದುಕೊಂಡಳು. ಪೂರ್ತಿ ಶರ್ಟು, ಅವಳೊಬ್ಬಳೇ ಹೊಲಿದದ್ದು. ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು.

"ಕುಂಟಿನೂ ಓಡ್ತಲ್ಲೇ. ಇದಕ್ಕೇ ಅದೃಷ್ಟ ಅನ್ನೋದು," ಎಂದಳು ಯಾರೋ. ಇವಳಿಗೆ ಕೋಪ ಬರಲೇ ಇಲ್ಲ.

ಸಂಜೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅತ್ತಿಗೆ ನಾದಿನಿ ಇಬ್ಬರೇ.

"ಕರೆಂಟ್ ಹೋಗದೇ ಇದ್ದಿದ್ರೆ ನಾನೇ ಗೆಲ್ತಿದ್ದೆ ಅಲ್ವಾ ಅತ್ತಿಗೆ?"

ಅತ್ತಿಗೆ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. "ಹೌದು, ನೀನೇ ಗೆಲ್ತಿದ್ದೆ. ನಿನ್ನ ಕೈ ನನಗಿಂತ ಚುರುಕು."

"ಅಷ್ಟು ಹೇಳಿದ್ರಲ್ಲ, ಸಾಕು ಬಿಡಿ. ಬೆಳಗ್ಗೆ ಅಮ್ಮನ್ನ ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ಬರೋಷ್ಟರಲ್ಲಿ ಗಂಟೆ ಹೊಡೆಯೋ ಹೊತ್ತಾಗಿರುತ್ತೆ. ಮಿಷನ್ ಬಿಚ್ಚಿ ನೋಡೋಕೆ ನಂಗೆಲ್ಲಿ ಟೈಮು. ಇವತ್ತೊಂದಿನ ಒಳ್ಳೇದು ಬಂದಿತ್ತು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅತ್ತಿಗೆಯ ಕೈ ಮಾತ್ರ ನೀರಿನ ಕೆಳಗೇ ನಿಂತುಬಿಟ್ಟಿತು. ಹಾಸಿಗೆ ಹಿಡಿದ ಅತ್ತೆಯನ್ನು ನಾದಿನಿಯ ತಲೆಗೆ ಕಟ್ಟಿ, ದಿನಾ ತಾನು ಆರಾಮಾಗಿ ಮನೆ ಬಿಡುತ್ತಿದ್ದಳು. ತಾನೇ ಸಂಪಾದಿಸಿದ್ದು ಎಂದು ಬೀಗುತ್ತಿದ್ದ ಆ ಅರ್ಧ ತಾಸು ಈ ಹುಡುಗಿ ಕೊಟ್ಟದ್ದು. ಅವಳಿಗೆ ನಾಚಿಕೆಯಾಯಿತು.

"ನಾಳೆಯಿಂದ ಅತ್ತೆಗೆ ನಾನು ಸ್ನಾನ ಮಾಡಿಸ್ತೀನಿ. ಸ್ಯಾಂಪಲ್ ಕೋಣೆ ಬಾಗಿಲು ತೆಗೆಯೋದು ಒಂದು ಗಂಟೆ ತಡ. ನೀನು ಮೊದಲು ಹೊರಡು."

ನಾದಿನಿ ನಗು ತಡೆದುಕೊಂಡಳು. "ಅಮ್ಮ ಮೈಮೇಲೆಲ್ಲಾ ನೀರೆರಚಿ ಬಾಯಿಗೆ ಬಂದ ಹಾಗೆ ಬೈತಾಳೆ ಅತ್ತಿಗೆ. ನಿಮ್ಮ ಕೈಲಾಗುತ್ತಾ?"

"ಬೈಲಿ ಬಿಡು. ಹನ್ನೊಂದು ವರ್ಷ ನಿನ್ನ ಬೈದಿದೀನಲ್ಲ, ಅಷ್ಟಾದ್ರೂ ಬೇಡ್ವಾ ನಂಗೆ?"