ಬಸಣ್ಣನ ಸೋಪಿನ ನೀರು

ಗೆಳೆಯರೇ, ಇವತ್ತು ಹೊಸಪೇಟೆಯ ನಮ್ಮ ಟಿಪ್ಪರ್ ಜೋಡಣೆ ಕಾರ್ಖಾನೆಯಲ್ಲಿ ಹೊಸ ಕಂಪ್ಯೂಟರ್ ಒಂದು ಗಾಡಿಯ ಬ್ರೇಕ್ ಪರೀಕ್ಷಿಸಿ 'ಪಾಸ್' ಎಂದಿತು. ಜೋಡಣೆ ಲೈನು ನಡೆಸುವ ಹಳೆಯ ಕಂಟ್ರೋಲರ್ ಯಂತ್ರ ಮಾತ್ರ ಕೆಂಪು ದೀಪ ಹಚ್ಚಿಕೊಂಡು ಗಾಡಿಯನ್ನು ಮುಂದೆ ಬಿಡಲಿಲ್ಲ. ಹಿರಿಯ ಫಿಟ್ಟರ್ ಬಸಣ್ಣ ತನ್ನ ರೂಢಿಯಂತೆ ಬ್ರೇಕಿನ ಗಾಳಿ ಪೈಪಿನ ಜಾಯಿಂಟಿಗೆ ಸೋಪಿನ ನೀರು ಸವರಿದ. ಗುಳ್ಳೆಗಳು ಎದ್ದವು.

"ಗಾಳಿ ಸೋರಾಕತ್ತೈತಿ ನೋಡ್ರಿ ಸಾರ್," ಎಂದ.

ಮ್ಯಾನೇಜರ್ ಗುಳ್ಳೆ ನೋಡಲಿಲ್ಲ, ಪರದೆ ನೋಡಿದರು. "ಕಂಪ್ಯೂಟರ್ ಪಾಸ್ ಅಂದೈತಲ್ಲ? ಹಳೇ ಕಂಟ್ರೋಲರ್ ಬೈಪಾಸ್ ಮಾಡಿ ಗಾಡಿ ಮುಂದ ಬಿಡ್ರಿ, ಜಲ್ದಿ."

ಬೈಪಾಸ್ ಮಾಡಿದವನು, ಬ್ರೇಕ್ ಪರೀಕ್ಷೆಯ ರಿಪೋರ್ಟಿಗೆ ಸಹಿ ಹಾಕುವ ನಾನೇ. ಬಸಣ್ಣ ಸೋಪಿನ ಬಟ್ಟಲು ತೊಳೆದಿಟ್ಟ.

ವಾರದೊಳಗೆ ಆ ಟಿಪ್ಪರ್ ಅದಿರು ಹೇರಿಕೊಂಡು ಸಂಡೂರಿನ ಘಾಟಿ ಇಳಿಯುತ್ತದೆ. ರಿಪೋರ್ಟಿನಲ್ಲಿ ಗುಳ್ಳೆಗೆ ಕಾಲಂ ಇಲ್ಲ, ಸಹಿಗೆ ಇದೆ. ನನ್ನ ಸಹಿ ಇವತ್ತು ಭಾಳ ಚೆಂದ ಬಂದಿದೆ.